ಐವರಿ ಕೋಸ್ಟ್‌ನ ಹಳೆ ರೋಬಸ್ಟಾ ತೋಟ: ಕಿತ್ತು ಹೊಸದಾಗಿ ನೆಡಬೇಕೋ, ಬುಡ ಚಾಟ್ನಿ (ಬುಡ ಬಿಟ್ಟು ಮೇಲಿನದು ಕಡಿಯೋದು) ಸಾಕೋ?

ಕುಷ್ಟಗಿ ದಾಳಿಂಬೆ:
ಎಲ್ಲರಿಗೂ ನಮಸ್ಕಾರ್ರಿ. ಐವರಿ ಕೋಸ್ಟ್ ದೇಶದ ಪಶ್ಚಿಮಕ್ಕ ಮಾನ್ ಅಂತ ಊರೈತಿ, ಅದರ ಹತ್ತಿರ 12 ಹೆಕ್ಟೇರ್ ರೋಬಸ್ಟಾ ಕಾಫಿ ತೋಟದ ಉಸ್ತುವಾರಿ ಒಪ್ಕೊಂಡೀನಿ. ಫೆಬ್ರವರಿ ಮೊದಲ ವಾರ ಅಲ್ಲಿರಬೇಕು. ದಾಳಿಂಬೆ, ದ್ರಾಕ್ಷಿ ಚಾಟ್ನಿ ಗೊತ್ತು, ಕಾಫಿ ಗೊತ್ತಿಲ್ಲ.

ತೋಟದ ಸ್ಥಿತಿ ಹಿಂಗೈತಿ: ಅಂತರ 3 ಮೀಟರ್ × 2.5 ಮೀಟರ್. ಗಿಡಕ್ಕ 30 ವರ್ಷದ ಮ್ಯಾಲಾಗೇತಿ. ಎತ್ತರ 4 ಮೀಟರ್, ಕೆಳಗಿನ ಟೊಂಗಿ ಎಲ್ಲಾ ಒಣಗ್ಯಾವು, ಕಾಯಿ ತುದೀಗೆ ಅಷ್ಟ. ಕಳೆದ ಸುಗ್ಗಿಗೆ ಹೆಕ್ಟೇರಿಗೆ 250 ಕಿಲೋ ಬೀಜ ಬಂದೈತಿ. ಹಣ್ಣು ಒಣಗಿಸೋದು ಬರೀ ಮಣ್ಣಿನ ಅಂಗಳದಾಗ. ಮಾಲೀಕರು ಗಿಡ ಕಿತ್ತು ಹೊಸ ಸಸಿ ಹಚ್ಚಬೇಕು ಅಂತಾರ. ಅದು ಸರಿನಾ? ಮತ್ತ ಮಾಲಿಗೆ ರೇಟ್ ಕಮ್ಮಿ ಸಿಗ್ತೈತಂತ, ಅದಕ್ಕೇನು ಕಾರಣ ಇರಬಹುದು?

ಬಳ್ಳಾರಿ ಬೀಜಪುಡಿ:
ಕೀಳಬೇಡ್ರಿ. ನೀವು ಬರೆದಿರೋ ಲಕ್ಷಣ ಸಾಯೋ ಗಿಡದ್ದಲ್ಲ, ಚಾಟ್ನಿ ಕಾಣದ ಗಿಡದ್ದು. 1970ರ ದಶಕದಲ್ಲಿ ಬ್ರೆಜಿಲ್, ಕೊಲಂಬಿಯಾ ಬಿಟ್ಟರೆ ಜಗತ್ತಿನಲ್ಲಿ ಮೂರನೇ ಸ್ಥಾನ ಐವರಿ ಕೋಸ್ಟ್ ಕಾಫಿಗಿತ್ತು. ಆಮೇಲೆ ರೈತರ ಗಮನ ಕೋಕೋ ಕಡೆ ಹೋಯಿತು, ಕಾಫಿ ಗಿಡ ಮುದಿಯಾದವು.

ದಾಳಿಂಬೆಗೂ ಕಾಫಿಗೂ ಇರೋ ಮೊದಲ ವ್ಯತ್ಯಾಸ ಇದು: ಕಾಫಿ ಗಿಡದಲ್ಲಿ ಕಾಯಿ ಬಿಡೋದು ಹಿಂದಿನ ವರ್ಷ ಬೆಳೆದ ಅಡ್ಡ ಟೊಂಗೆಯ ಗಣ್ಣಿನಲ್ಲಿ. ಒಮ್ಮೆ ಕಾಯಿ ಹಿಡಿದ ಗಣ್ಣಿನಿಂದ ಮತ್ತೆ ಬೆಳೆ ನಿರೀಕ್ಷೆ ಮಾಡಬಾರದು. ಹಾಗಾಗಿ ಫಸಲು ವರ್ಷದಿಂದ ವರ್ಷಕ್ಕೆ ಮೇಲಕ್ಕೂ ಹೊರಕ್ಕೂ ಸರೀತಾ ಹೋಗುತ್ತೆ. ಕಾಂಡದಿಂದ ಅಡ್ಡ ಟೊಂಗೆ ಒಮ್ಮೆ ಒಣಗಿ ಬಿದ್ದರೆ ಆ ಜಾಗದಲ್ಲಿ ಇನ್ನೊಂದು ಹುಟ್ಟೋದಿಲ್ಲ. ಹೊಸ ಅಡ್ಡ ಟೊಂಗೆ ಬೇಕು ಅಂದ್ರೆ ಹೊಸ ನೇರ ಕಾಂಡವೇ ಬೇಕು, ಅದನ್ನ ಬುಡದಿಂದಲೇ ಎಬ್ಬಿಸಬೇಕು. ಬೇರು 30 ವರ್ಷದ್ದಿದ್ದರೂ ಗಟ್ಟಿಯಾಗಿದೆ, ಆ ಬೇರಿನ ಬಲ ಹೊಸ ಸಸಿಗೆ ಎಲ್ಲಿಂದ ಬರಬೇಕು?

ಒಂದೇ ವರ್ಷ ಹನ್ನೆರಡೂ ಹೆಕ್ಟೇರ್ ಕಡಿಯಬೇಡಿ, ಆದಾಯ ನಿಂತುಹೋಗುತ್ತೆ. ವರ್ಷಕ್ಕೆ 3 ಹೆಕ್ಟೇರ್‌ನಂತೆ 4 ವರ್ಷಕ್ಕೆ ಒಂದು ಸುತ್ತು ಮುಗಿಸಿ. ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯೋದಕ್ಕೆ ಮುಂಚೆ ಕೆಲಸ ಆಗಬೇಕು. ಫೆಬ್ರವರಿಯಲ್ಲೇ ನೀವು ಅಲ್ಲಿರೋದು ಒಳ್ಳೇದಾಯಿತು.

ಕಡಿಯೋ ಎತ್ತರ ನೆಲದಿಂದ 30–40 ಸೆಂ.ಮೀ. ಮಚ್ಚಿನಲ್ಲಿ ಹೊಡೆದರೆ ಬುಡ ಸೀಳುತ್ತೆ, ಸೀಳಿನಲ್ಲಿ ನೀರು ಕೂತು ಕೊಳೆಯುತ್ತೆ. ಗರಗಸದಿಂದಲೇ ಕೊಯ್ಯಿರಿ, ಕೊಯ್ದ ಮುಖ ಓರೆಯಾಗಿರಲಿ. ಗಾಯಕ್ಕೆ ದಾಳಿಂಬೆಗೆ ಹಚ್ಚೋ ಅದೇ ಬೋರ್ಡೋ ಮುಲಾಮು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಎಲ್ಲಾ ಕಾಂಡ ಒಟ್ಟಿಗೆ ಕಡಿಯದೆ ಒಂದನ್ನ ಹಾಗೇ ಬಿಡಿ. ಅಲ್ಲಿಯವರು ಅದಕ್ಕೆ ಫ್ರೆಂಚ್‌ನಲ್ಲಿ ‘ತೀರ್ ಸೆವ್’ ಅಂತಾರೆ, ರಸ ಎಳೆಯೋ ಕಾಂಡ ಅಂತ ಅರ್ಥ. ಅದರ ಎಲೆ ಬೇರಿಗೆ ಊಟ ಹಾಕುತ್ತೆ. ಅದಿಲ್ಲದೆ ಕಡಿದರೆ ಚಿಗುರದೆ ಸಾಯೋ ಬುಡಗಳ ಸಂಖ್ಯೆ ಹೆಚ್ಚು. ಚಿಗುರು ಗಟ್ಟಿಯಾದ ಮೇಲೆ ಅದನ್ನೂ ತೆಗೆಯಿರಿ. ಮರೆತರೆ ಹೊಸ ಚಿಗುರಿಗೆ ನೆರಳಾಗಿ ಎಲ್ಲಾ ಕೆಡಿಸುತ್ತೆ.

ಮಳೆ ಬಿದ್ದ ಮೇಲೆ ಬುಡದ ಸುತ್ತ ಇಪ್ಪತ್ತು ಮೂವತ್ತು ಚಿಗುರು ಗೊಂಚಲಾಗಿ ಏಳ್ತಾವೆ. ಅವು ಗೇಣುದ್ದ ಆದಾಗ ಕೂತು ನೋಡಿ. ಕೊಯ್ದ ಅಂಚಿಗೆ ಅಂಟಿಕೊಂಡಿರೋವು ದಪ್ಪಗೆ ಚೆಂದಗೆ ಕಂಡರೂ ಬೇಡ, ಗಾಳಿಗೆ ಕಿತ್ತುಬರ್ತಾವೆ. ಅಂಚಿನಿಂದ ಒಂದು ಹಿಡಿ ಕೆಳಗೆ, ಬೇರೆ ಬೇರೆ ದಿಕ್ಕಿಗೆ ಹುಟ್ಟಿದ 5 ಇಟ್ಟುಕೊಳ್ಳಿ. ಕೆಲವು ತಿಂಗಳ ನಂತರ 3ಕ್ಕೆ ಇಳಿಸಿ. ನಿಮ್ಮ ಅಂತರಕ್ಕೆ ಹೆಕ್ಟೇರಿಗೆ 1,333 ಬುಡ, ಬುಡಕ್ಕೆ 3 ಅಂದ್ರೆ ಸುಮಾರು 4,000 ಕಾಂಡ. ಆಮೇಲೆ ಪ್ರತಿ ವರ್ಷ ಮೂರು ಸಲವಾದರೂ ಕಳ್ಳ ಚಿಗುರು ಮುರೀಬೇಕು. ಈ ಕೆಲಸ ತಪ್ಪಿದರೆ ಎರಡೇ ವರ್ಷಕ್ಕೆ ಪೊದೆ ಆಗಿ ಮತ್ತೆ ಇದೇ ಕಥೆ.

ಮೊದಲ ವರ್ಷ ಫಸಲಿಲ್ಲ, ಎರಡನೇ ವರ್ಷ ಸ್ವಲ್ಪ, ಮೂರನೇ ವರ್ಷ ಪೂರ್ತಿ. ಮೊದಲ ವರ್ಷ ಸಾಲಿನ ನಡುವೆ ಬಿಸಿಲು ಬೀಳೋದರಿಂದ ಶೇಂಗಾ ಹಾಕಬಹುದು, ಬುಡದಿಂದ ಒಂದು ಮೀಟರ್ ಬಿಟ್ಟು. ಮೂರರಲ್ಲಿ ಒಂದು ಬುಡ ಸತ್ತೇ ಹೋಗಿರೋ ತಾಕು ಇದ್ದರೆ ಮಾತ್ರ ಕಿತ್ತು ನೆಡೋ ಮಾತು ಆಡಿ.

ಎಡದಂಡೆ ಕಾಲುವೆ:
ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಗರಗಸ ಹಿಡಿಯುವ ಮುಂಚೆ ತೋಟದಲ್ಲಿ ಸೊರಗು ರೋಗ ಇದೆಯಾ ನೋಡಿಕೊಳ್ಳಿ. ಫ್ಯುಸೇರಿಯಂ ಜಾತಿಯ ಶಿಲೀಂಧ್ರ ಇದಕ್ಕೆ ಕಾರಣ. 1940–50ರ ದಶಕಗಳಲ್ಲಿ ಐವರಿ ಕೋಸ್ಟ್‌ನ ತೋಟಗಳಿಗೆ ಇದು ದೊಡ್ಡ ಪೆಟ್ಟು ಕೊಟ್ಟಿತ್ತು. ಗಾಯದ ಮೂಲಕ ಒಳಗೆ ಹೋಗುತ್ತದೆ, ಒಂದೇ ಅಲಗಿನಿಂದ ಗಿಡದಿಂದ ಗಿಡಕ್ಕೆ ದಾಟುತ್ತದೆ. ಎಲೆ ಹಳದಿಯಾಗಿ ಉದುರುತ್ತಾ ಗಿಡ ಒಂದು ಪಕ್ಕದಿಂದ ಒಣಗುತ್ತಿದ್ದರೆ ಬುಡದ ತೊಗಟೆ ಕೆರೆದು ನೋಡಿ. ಕೆಳಗಿನ ಕಟ್ಟಿಗೆಯಲ್ಲಿ ನೀಲಿಗಪ್ಪು ಗೆರೆ ಕಂಡರೆ ಆ ಗಿಡಕ್ಕೆ ಚಾಟ್ನಿ ಬೇಡ. ಬೇರುಸಹಿತ ಕಿತ್ತು ಅಲ್ಲೇ ಸುಡಿ, ಸೌದೆಗೆ ಅಂತ ಊರಿಗೆ ಒಯ್ಯಲು ಬಿಡಬೇಡಿ. ಗರಗಸವನ್ನು ಗಿಡದಿಂದ ಗಿಡಕ್ಕೆ ಬ್ಲೀಚಿಂಗ್ ನೀರಿನಲ್ಲಿ ಒರೆಸಿ. ದಾಳಿಂಬೆಯ ಅಂಗಮಾರಿಗೆ ಕತ್ತರಿ ಅದ್ದುವ ಅಭ್ಯಾಸ ನಿಮಗಿದ್ದೇ ಇರುತ್ತದೆ.

ಎರಡನೆಯದು ಹೂವು. ಇಲ್ಲಿ ನಿಮ್ಮ ಬಹಾರದ ಲೆಕ್ಕ ಅರ್ಧ ಕೆಲಸಕ್ಕೆ ಬರುತ್ತದೆ. ನೀರು ತಡೆದು ಗಿಡಕ್ಕೆ ಒತ್ತಡ ಕೊಟ್ಟು ಆಮೇಲೆ ನೀರು ಬಿಟ್ಟರೆ ದಾಳಿಂಬೆ ಹೂ ಬಿಡುತ್ತದಲ್ಲ, ಕಾಫಿಗೆ ಆ ಕೆಲಸ ಪ್ರಕೃತಿಯೇ ಮಾಡುತ್ತದೆ. ಸಹಾರಾ ಕಡೆಯಿಂದ ಬೀಸುವ ಹರ್ಮಟ್ಟಾನ್ ಒಣಗಾಳಿಯ ತಿಂಗಳುಗಳಲ್ಲಿ ಮೊಗ್ಗು ಮಲಗಿರುತ್ತವೆ. 20–25 ಮಿ.ಮೀ. ಮಳೆ ಒಮ್ಮೆಲೇ ಬಿದ್ದರೆ ಒಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಐದಾರು ಮಿ.ಮೀ. ಬಿದ್ದು ನಿಂತರೆ ಮೊಗ್ಗು ಅರ್ಧ ಎದ್ದು ಅರಳದೆ ಒಣಗುತ್ತವೆ. ಹೂ ಆದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಕಟ್ಟುವುದು ಕಡಿಮೆ. ಹೂವಿನಿಂದ ಹಣ್ಣಿಗೆ 9–11 ತಿಂಗಳು.

ಮುಖ್ಯ ಸಂಗತಿ: ರೋಬಸ್ಟಾ ತನ್ನ ಪರಾಗದಿಂದ ತಾನು ಕಾಯಿ ಕಟ್ಟುವುದಿಲ್ಲ, ಅರೇಬಿಕಾ ಕಟ್ಟುತ್ತದೆ. ಸತ್ತ ಬುಡದ ಜಾಗಕ್ಕೆ ‘ಒಳ್ಳೆ ಗಿಡ’ ಅಂತ ಒಂದೇ ತಾಯಿಯ ಕಡ್ಡಿಯಿಂದ ಬೇರು ಬರಿಸಿದ ಸಸಿಗಳನ್ನು ತಾಕಿಗೆಲ್ಲಾ ತುಂಬಿದರೆ ತೋಟ ಹೂವಾಡುತ್ತದೆ, ಕಾಯಿ ಇರುವುದಿಲ್ಲ. ಒಂದೇ ಹೊತ್ತಿಗೆ ಹೂ ಬಿಡುವ ನಾಲ್ಕೈದು ಬೇರೆ ಬೇರೆ ತಾಯಿಯ ತದ್ರೂಪಿಗಳನ್ನು ಬೆರೆಸಿ ನೆಡಬೇಕು. ಆ ದೇಶದ ಕೃಷಿ ಸಂಶೋಧನಾ ಕೇಂದ್ರ ಸಿಎನ್‌ಆರ್‌ಎ 1998ರಿಂದ ಇದೆ, ಕಾಫಿ ಕೆಲಸ ದಿವೋ ಊರಿನ ಕೇಂದ್ರದಲ್ಲಿ ನಡೆಯುತ್ತದೆ. ಅಲ್ಲಿನ ಕಾಡಿನದೇ ಆದ ಗಿನಿ ಗುಂಪು ಮತ್ತು ಮಧ್ಯ ಆಫ್ರಿಕಾದ ಕಾಂಗೋ ಗುಂಪು, ಈ ಎರಡನ್ನೂ ಕೂಡಿಸಿದ ತಳಿಗಳ ಮೇಲೆ ಅವರು ದಶಕಗಳಿಂದ ಕೆಲಸ ಮಾಡಿದ್ದಾರೆ. ಸಸಿ ಬೇಕಾದರೆ ಅವರನ್ನೇ ಕೇಳಿ.

ಕುಷ್ಟಗಿ ದಾಳಿಂಬೆ:
ಭಾಳ ಉಪಕಾರ ಆತ್ರಿ. ಅಡ್ಡ ಟೊಂಗಿ ಮತ್ತ ಹುಟ್ಟಂಗಿಲ್ಲ ಅನ್ನೋದು ತಿಳಿದ ಮ್ಯಾಲೆ ಗಿಡ ಯಾಕ ಹಂಗಾಗ್ಯಾವು ಅನ್ನೋದು ಅರ್ಥ ಆತು. ಒಣಗಿಸೋದರ ಬಗ್ಗೆ ಯಾರಾದ್ರೂ ಹೇಳ್ರಿ. ಕಣ ಎಷ್ಟು ದೊಡ್ಡದು ಕಟ್ಟಿಸಬೇಕು?

ಸಿಂಧನೂರು ಕಣ:
ಅಣ್ಣಾರೆ, ನಿಮ್ಮ ರೇಟು ಕಡಿಮೆ ಆಗ್ತಿರೋದು ಅಂಗಳದಲ್ಲೇ. ಮೆಣಸಿನಕಾಯಿ ಹಸಿ ನೆಲದ ಮೇಲೆ ಒಣಗಿಸಿದರೆ ಬಿಳಿಗಾಯಿ ಆಗ್ತದಲ್ಲ, ಕಾಫಿ ಹಣ್ಣಿಗೂ ಅದೇ ಗತಿ. ಮೆಣಸಿನಕಾಯಿಯಲ್ಲಿ ಕಣ್ಣಿಗೆ ಕಾಣ್ತದ, ಕಾಫಿಯಲ್ಲಿ ಸಿಪ್ಪೆಯೊಳಗೆ ಅಡಗಿ ಕುಡಿಯೋ ಕಪ್ಪಿನಲ್ಲಿ ಮಣ್ಣಿನ ವಾಸನೆಯಾಗಿ ಹೊರಗೆ ಬರ್ತದ. ಬೂಷ್ಟು ಹಿಡಿದ ಬೀಜದಲ್ಲಿ ಆಕ್ರಟಾಕ್ಸಿನ್ ಅನ್ನೋ ವಿಷ ಸೇರ್ತದ. ಯುರೋಪಿನವರು 2023ರಿಂದ ಹುರಿದ ಕಾಫಿಗೆ ಅದರ ಮಿತಿಯನ್ನ ಕಿಲೋಗೆ 5ರಿಂದ 3 ಮೈಕ್ರೋಗ್ರಾಂಗೆ ಇಳಿಸಿದ್ದಾರೆ. ಖರೀದಿದಾರರು ನೆಲದ ಮಾಲು ಅಂತ ಗೊತ್ತಾದ ಕೂಡಲೇ ಬೆಲೆ ಮುರಿಯೋದಕ್ಕೆ ಇದೂ ಒಂದು ಕಾರಣ.

ಕಣದ ಲೆಕ್ಕ ಮಾಡೋಣ. ಈ ವರ್ಷ 3 ಹೆಕ್ಟೇರ್ ಕಡಿದರೆ ಉಳಿದ 9ರಿಂದ 2,250 ಕಿಲೋ ಬೀಜ. 100 ಕಿಲೋ ಹಸಿ ಹಣ್ಣಿಗೆ ಒಣಗಿದ ಕಾಯಿ 45 ಕಿಲೋ, ಬೀಜ 22 ಕಿಲೋ ಹಿಡೀರಿ. ಅಂದ್ರೆ ಸುಮಾರು 10 ಟನ್ ಹಸಿ ಹಣ್ಣು. ಸುಗ್ಗಿ ಜೋರಿದ್ದಾಗ ದಿನಕ್ಕೆ 400 ಕಿಲೋ ಬರ್ತದ ಅಂದ್ಕೊಂಡರೆ, 4 ಸೆಂ.ಮೀ. ದಪ್ಪ ಹರವಲು ಚದರ ಮೀಟರಿಗೆ 25 ಕಿಲೋ, ಅಂದ್ರೆ ದಿನಕ್ಕೆ 16 ಚದರ ಮೀಟರ್. ಒಣಗಲು 15 ದಿನ. 16 × 15 = 240. 20 ಮೀಟರ್ ಉದ್ದ, 12 ಮೀಟರ್ ಅಗಲದ ಸಿಮೆಂಟ್ ಕಣ ಸಾಕು. ಅಗಲಕ್ಕೆ 12 ಸೆಂ.ಮೀ. ಇಳಿಜಾರು ಕೊಡ್ರಿ, ನೀರು ನಿಲ್ಲಬಾರದು. ಚಾಟ್ನಿ ಮಾಡಿದ ತಾಕು ಫಸಲಿಗೆ ಬಂದ ಮೇಲೆ ಇದು ಸಾಲೋದಿಲ್ಲ, ಪಕ್ಕದಲ್ಲಿ ಜಾಗ ಬಿಟ್ಟೇ ಕಟ್ಟಿಸ್ರಿ. ಕಣ ಆಗೋತನಕ ಬಿದಿರಿನ ಅಟ್ಟ ಕಟ್ಟಿ ಅದರ ಮೇಲೆ ಬಲೆ ಹಾಸ್ರಿ. ಬರೀ ಮಣ್ಣಿನ ಮೇಲೆ ತಾಡಪತ್ರಿ ಹಾಸಿದರೆ ಹಣ್ಣಿನ ಬೆವರು ಕೆಳಗೆ ಇಳಿಯದೆ ಅಡಿಯ ಪದರ ಕೊಳೆಯುತ್ತದ.

ಹರಿದ ಹಣ್ಣು ಅದೇ ಸಂಜೆ ಹರವಬೇಕು. ಚೀಲದಲ್ಲಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಕೈ ಹಾಕಿ ನೋಡ್ರಿ, ಒಳಗೆ ಬಿಸಿಯಾಗಿ ಹೆಂಡದ ವಾಸನೆ ಹೊಡೀತಿರ್ತದ. ಆ ಬೀಜ ಆಮೇಲೆ ಎಷ್ಟು ಬಿಸಿಲು ಕಂಡರೂ ಸರಿಯಾಗೋದಿಲ್ಲ. ಮೊದಲ ಮೂರು ದಿನ ಗುಡ್ಡೆ ಹಾಕಬೇಡ್ರಿ. ಗೋರೆಯಿಂದ ತಾಸಿಗೊಮ್ಮೆ ತಿರುವಬೇಕು. ನಾಲ್ಕನೇ ದಿನದಿಂದ ಸಂಜೆ ಬದುವಿನ ಹಾಗೆ ಎಳೆದು ಮುಚ್ಚಬೇಕು, ಗುಡ್ಡದ ಸೀಮೆ, ಇಬ್ಬನಿ ಬೀಳ್ತದ.

ಒಣಗಿದ್ದು ತಿಳಿಯೋದು ಹೆಂಗಂದ್ರೆ, ಒಂದು ಹಿಡಿ ಕಾಯಿ ಕಿವಿ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಬೀಜ ಹಲ್ಲಿಗೆ ಒತ್ತಿದರೆ ಗುರುತು ಬೀಳಬಾರದು. ಬೀಜದ ತೇವಾಂಶ ಶೇಕಡಾ 12ರ ಹತ್ತಿರ ನಿಲ್ಲಲಿ. ಗಂಗಾವತಿ ರೈಸ್‌ಮಿಲ್‌ನಲ್ಲಿ ಭತ್ತ ನೋಡೋ ಮೀಟರ್ ಒಯ್ದರೆ ಕಾಫಿಗೆ ತಪ್ಪು ಅಂಕಿ ತೋರಿಸ್ತದ, ಕಾಫಿಗೆ ಹೊಂದಿಸಿದ ಮೀಟರೇ ಬೇಕು.

ಇನ್ನೊಂದು: ಹಸಿರು ಕಾಯಿ ಸೇರಿಸಿ ಟೊಂಗೆ ಪೂರ್ತಿ ಹಿಂಡೋ ರೂಢಿ ನಿಲ್ಲಿಸ್ರಿ. ರೋಬಸ್ಟಾ ಹಣ್ಣು ಅರೇಬಿಕಾದಂತೆ ಬೇಗ ಉದುರೋದಿಲ್ಲ, ಟೊಂಗೆಯಲ್ಲೇ ಕಾಯ್ತದ. ಅವಸರಕ್ಕೆ ಕಾರಣ ಪಿಸ್ತರ್ ಅನ್ನೋ ದಲ್ಲಾಳಿ ಮುಂಗಡ ಕೊಟ್ಟು ಬಾಗಿಲಿಗೆ ಬರೋದು. ಸುಗ್ಗಿ ಶುರುವಿಗೆ ಸರ್ಕಾರದ ಕಾಫಿ-ಕೋಕೋ ಮಂಡಳಿ ತೋಟದ ಬಾಗಿಲ ಬೆಲೆ ಘೋಷಿಸ್ತದ, ಅದು ತಿಳಿದುಕೊಂಡೇ ಮಾತಾಡ್ರಿ.

ಬಳ್ಳಾರಿ ಬೀಜಪುಡಿ:
ಕೊಯ್ಲು ಮುಗಿದ ಮೇಲೆ ಗಿಡದಲ್ಲೂ ನೆಲದಲ್ಲೂ ಒಂದೂ ಕಾಯಿ ಉಳಿಸಬೇಡಿ. ಹೊಕ್ಕುಳಲ್ಲಿ ಸೂಜಿಮೊನೆ ತೂತು ಇರೋ ಕಾಯಲ್ಲಿ ಕಾಯಿಕೊರಕ ಮುಂದಿನ ಬೆಳೆಗೆ ಕಾಯ್ತಾ ಕೂತಿರುತ್ತೆ. ಆಯ್ದದ್ದನ್ನ ಕುದಿಯೋ ನೀರಿಗೆ 2–3 ನಿಮಿಷ ಹಾಕಿ ಆಮೇಲೆ ಒಣಗಿಸಿ. ಚಾಟ್ನಿ ನಂತರದ ಎಳೆ ಚಿಗುರಿಗೆ ಟೊಂಗೆಕೊರಕ ಬರುತ್ತೆ. ಎಲೆ ಬಾಡಿದ ಟೊಂಗೆಯ ಅಡಿಭಾಗದಲ್ಲಿ ಸಣ್ಣ ತೂತು ಹುಡುಕಿ, ಅದರಿಂದ ಎರಡು ಮೂರು ಇಂಚು ಕೆಳಗೆ ಕತ್ತರಿಸಿ ಸುಡಿ.

ಮಸ್ಕಿ ಹೊಲ:
ನಡುವೆ ಕೇಳ್ತೀನಿ, ತಪ್ಪು ತಿಳೀಬೇಡ್ರಿ. ಈ ರೋಬಸ್ಟಾ ನಮ್ಮ ಕಡೆ ಕಾಲುವೆ ನೀರಿನ್ಯಾಗ ಬೆಳಿಯಂಗಿಲ್ಲೇನು?

ಎಡದಂಡೆ ಕಾಲುವೆ:
ಬೇಡ. ನೀರೊಂದೇ ಪ್ರಶ್ನೆಯಲ್ಲ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಗಾಳಿಗೆ ಎಲೆ ಸುಡುತ್ತದೆ. ಕಾಫಿಯ ಬೇರಿಗೆ ತುಸು ಹುಳಿ ಮಣ್ಣು, ನೀರು ಬಸಿಯುವ ಮಣ್ಣು ಬೇಕು. ನಮ್ಮ ಎರೆ ಭೂಮಿ ಕ್ಷಾರ, ಮೇಲಾಗಿ ಕಾಲುವೆ ಪಕ್ಕದಲ್ಲಿ ನೀರು ನಿಲ್ಲುತ್ತದೆ. ಎಲೆ ಹಳದಿಯಾಗಿ ಕಬ್ಬಿಣದ ಕೊರತೆಯಲ್ಲೇ ಗಿಡ ಕುಗ್ಗುತ್ತದೆ.

ಕುಷ್ಟಗಿಯವರಿಗೆ ಇನ್ನೊಂದು ಮಾತು. ಮಾಲೀಕರು ಪಕ್ಕದ ಕಾಡು ತೆಗೆದು ತೋಟ ವಿಸ್ತರಿಸೋಣ ಅಂದರೆ ಒಪ್ಪಬೇಡಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಯುರೋಪಿನ ಹೊಸ ಕಾನೂನಿನಲ್ಲಿ ಪ್ರವೇಶವಿಲ್ಲ. 4 ಹೆಕ್ಟೇರ್ ಮೀರಿದ ತಾಕಿಗೆ ಒಂದು ಬಿಂದು ಗುರುತಿಸಿದರೆ ಸಾಲದು, ಗಡಿಯ ಸುತ್ತ ನಡೆದು ಪೂರ್ತಿ ನಕ್ಷೆ ಕೊಡಬೇಕು. ಚಾಟ್ನಿಗೆ ತಾಕು ಗುರುತು ಮಾಡುವಾಗಲೇ ಮೊಬೈಲ್ ಜಿಪಿಎಸ್‌ನಲ್ಲಿ ಆ ಸುತ್ತು ಹಾಕಿಬಿಡಿ.