ವೈನಿ ಕೇಳಿದ್ದಕ್ಕ ಉತ್ತರ: ಒಳಗಿನ ಗಿಡಕ್ಕ, ಹೈಡ್ರೋಪೋನಿಕ್ಸ್‌ಗೆ ಯಾವ ನೀರು

ವೈನಿ, ನೀವು ಕಳಿಸಿದ ಫೋಟೋ ಎರಡೂ ನೋಡೀನ್ರಿ. ಟೈಪ್ ಮಾಡ್ಕೋಂತ ಕುಂತ್ರ ಅರ್ಧಕ್ಕ ನಿಂತುಬಿಡ್ತೈತಿ, ಅದಕ್ಕ ಮಾತಾಡೇ ಕಳಸಾಕತ್ತೀನಿ. ಉದ್ದ ಐತಿ, ಅಡಗಿ ಮಾಡ್ಕೋಂತ ಕೇಳ್ರಿ. ಗ್ರೂಪಿನಾಗಿನ ಉಳಿದವರಿಗೂ ತಿಳೀಲಿ ಅಂತ ಮೊದಲ ಪ್ರಶ್ನೆ ಹೇಳ್ತೀನಿ. ವೈನಿ ಅವರ ಗದಗಿನ ಮನ್ಯಾಗ ಬೋರ್ ನೀರು, ನೀರಾಗ ಕರಗಿದ ಉಪ್ಪಿನ ಅಂದಾಜು ತೋರಸೂ ಟಿಡಿಎಸ್ ಪೆನ್ನು 900 ತೋರಸಾಕತ್ತೈತಿ. ಆ ನೀರಾಗ 20 ಲೀಟರ್ ಬಕೆಟ್ಟಿನೊಳಗ ಹೈಡ್ರೋಪೋನಿಕ್ಸ್, ಅಂದ್ರ ಮಣ್ಣಿಲ್ಲದ ಗೊಬ್ಬರದ ನೀರಾಗ ಬೆಳಸೂ ಪದ್ಧತಿಲೆ ಲೆಟ್ಯೂಸ್ (ಸಲಾಡಿನ ಸೊಪ್ಪು) ಇಟ್ಟಾರ, ಹೊಸಾ ಎಲಿ ಹಳದಿ ಆಗ್ಯಾವ, ನರ ಅಷ್ಟ ಹಸರ ಉಳದಾವ. ಹಾಲ್‌ನಾಗಿನ ಸ್ಪೈಡರ್ ಪ್ಲಾಂಟಿನ ತುದಿ ಕಂದ ಆಗಿ ಸುಟ್ಟಾವ. ಪೂರಾ ಆರ್‌ಒ ನೀರ, ಅಂದ್ರ ಫಿಲ್ಟರ್ ಮಷಿನ್ನಿನಾಗ ಉಪ್ಪು ತಗದ ನೀರ, ಹಾಕಿಬಿಡ್ಲಿ ಏನು ಅಂತ ಕೇಳ್ಯಾರ. ಕಾಕಾ ಚೂರು ವಿನೆಗರ್ ಹಾಕು ಅಂದಾರ.

ಮೊದಲ ಆ ಪೆನ್ನಿನ ಮಾತು. ಅದು ಉಪ್ಪು ತೂಕ ಮಾಡಂಗಿಲ್ಲ. ನೀರಾಗ ಕರೆಂಟ್ ಎಷ್ಟು ಹರೀತೈತಿ ಅನ್ನೂದು ನೋಡಿ, ಅದನ್ನ ಒಂದು ಸಂಖ್ಯೆಯಿಂದ ಗುಣಿಸಿ ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ತೋರಸ್ತೈತಿ. ಕೆಲವು ಪೆನ್ನು 500 ರಿಂದ ಗುಣಸ್ತಾವ, ಕೆಲವು 700 ರಿಂದ. ಅದಕ್ಕ ಒಬ್ಬರ 900 ಇನ್ನೊಬ್ಬರ 900 ಒಂದೇ ಅಂತ ತಿಳೀಬ್ಯಾಡ್ರಿ, ಇಸಿ, ಅಂದ್ರ ಗುಣಸೂಕಿಂತ ಮೊದಲಿನ ಆ ಕರೆಂಟಿನ ಅಳತಿ, ಅದರಾಗ ಮಾತಾಡೂದು ಚಲೋ. ನಿಮ್ಮದು 500 ರ ಪೆನ್ನು ಅಂತ ಹಿಡಿದ್ರ ಇಸಿ 1.8 ಆತು. ಲೆಟ್ಯೂಸ್‌ಗೆ ಗೊಬ್ಬರ ಎಲ್ಲಾ ಸೇರಿ ಬೇಕಾಗೂದು 0.8 ರಿಂದ 1.2. ಅಂದ್ರ ಗೊಬ್ಬರ ಹಾಕೂಕಿಂತ ಮೊದಲ ನೀರು ಮಿತಿ ದಾಟಿ ಕುಂತೈತಿ, ಗೊಬ್ಬರಕ್ಕ ಜಾಗಾನ ಉಳದಿಲ್ಲ. ಟೊಮ್ಯಾಟೊ ಇದ್ರ 2 ರಿಂದ 3.5 ತನಕ ತಡಕೊಂತೈತಿ, ಪಾಲಕ್ 1.8 ರಿಂದ 2.3. ಲೆಟ್ಯೂಸ್ ಭಾಳ ಸೂಕ್ಷ್ಮ.

ಆದ್ರ ನಿಮ್ಮ ಎಲಿ ಹಳದಿ ಆಗಿದ್ದು 900 ರಿಂದ ಅಲ್ರಿ. ನರ ಹಸರ ಉಳದು ನಡುವಿನ ಎಲಿ ಹಳದಿ, ಅದೂ ಹೊಸಾ ಎಲಿಗೇ ಬಂದೈತಿ ಅಂದ್ರ ಗಿಡಕ್ಕ ಕಬ್ಬಿಣ ಸಿಗವಲ್ದು. ಗೊಬ್ಬರದಾಗ ಕಬ್ಬಿಣ ಐತಿ, ಆದ್ರ ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೂ ಅಳತಿ, 7 ಅಂದ್ರ ನಡುವ) ಮ್ಯಾಲ ಹೋದ್ರ ಅದು ಕರಗಿದ ರೂಪದಾಗ ಉಳಿಯಂಗಿಲ್ಲ. ಅಗ್ಗದ ಗೊಬ್ಬರದಾಗ ಇರೂದು ಇಡಿಟಿಎ ಅನ್ನೂ ರಾಸಾಯನಿಕ ಹಿಡಕೊಂಡ ಕಬ್ಬಿಣ, ಪಿಎಚ್ 6.5 ದಾಟಿತಂದ್ರ ಅದು ಒಡ್ಯಾಕ ಶುರು ಆಗ್ತೈತಿ. ಡಿಟಿಪಿಎ ಇದ್ರ 7 ರ ಸುತ್ತ ತಡೀತೈತಿ, ಇಡಿಡಿಎಚ್ಎ ಇದ್ರ 9 ರ ತನಕ. ಈ ಇಡಿಡಿಎಚ್ಎ ಹಾಕಿದ್ರ ನೀರು ಕೆಂಪಗ ಆಗ್ತೈತಿ, ಹೆದರಬ್ಯಾಡ್ರಿ.

ಪಿಎಚ್ ಮ್ಯಾಲ ಯಾಕ ಹೋಗ್ತೈತಿ ಅಂದ್ರ ನೀರಾಗಿನ ಬೈಕಾರ್ಬೊನೇಟ್. ಇದಕ್ಕ ಕ್ಷಾರತೆ ಅಂತಾರ. ನಮ್ಮ ಮಂದಿ ಎಲ್ಲಾರೂ ಗಡಸು ನೀರು, ಸವಳ ನೀರು ಅಂತ ಒಂದ ಮಾತಿನಾಗ ಮುಗಿಸಿಬಿಡ್ತಾರ, ಆದ್ರ ಮೂರೂ ಬ್ಯಾರೆ ಬ್ಯಾರೆ. ಗಡಸುತನ ಅಂದ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದು ಗಿಡಕ್ಕ ಊಟಾನ. ಸವಳ ಅಂದ್ರ ಸೋಡಿಯಂ, ಕ್ಲೋರೈಡ್. ಅದು ಗಿಡಕ್ಕ ಬ್ಯಾಡ, ಸೋಡಿಯಂ ಲೀಟರಿಗೆ 50 ಮಿಲಿಗ್ರಾಂ ಒಳಗ ಇದ್ರ ಚಲೋ. ಕ್ಷಾರತೆ ಅಂದ್ರ ನೀವು ಎಷ್ಟು ಆಮ್ಲ ಹಾಕಿದ್ರೂ ನುಂಗಿ, ಮರುದಿನ ಪಿಎಚ್ ಮತ್ತ ಮ್ಯಾಲ ಎತ್ತೂ ಶಕ್ತಿ. ಈ ಮೂರನ್ನೂ ಪೆನ್ನು ಒಂದೇ ಅಂಕಿಯೊಳಗ ಕೂಡಿಸಿ ತೋರಸ್ತೈತಿ. 900 ತೋರಿಸೋ ಎರಡು ಬೋರ್ ಇದ್ರ, ಒಂದರಾಗ ಸೊಪ್ಪು ನಡೀತೈತಿ, ಇನ್ನೊಂದರಾಗ ಏನ ಮಾಡಿದ್ರೂ ನಡ್ಯಂಗಿಲ್ಲ. ಅದಕ್ಕ ಕ್ಷಾರತೆ ಅಳಿಯಾಕ ಬೇಕ.

ಅಳಿಯೂದು ಸರಳ ಐತ್ರಿ. ಮೀನಿನ ತೊಟ್ಟಿ ಸಾಮಾನ ಮಾರೂ ಅಂಗಡ್ಯಾಗ ಕೆಎಚ್ ಟೆಸ್ಟ್ ಕಿಟ್ ಅಂತ ಸಣ್ಣ ಬಾಟ್ಲಿ ಸಿಗ್ತೈತಿ. 5 ಮಿಲಿ ನೀರು ಅದರ ಟ್ಯೂಬಿನಾಗ ತಗೊಂಡು ಒಂದೊಂದ ಹನಿ ಹಾಕಿ ಅಲ್ಲಾಡಸ್ರಿ. ನೀಲಿ ಇದ್ದದ್ದು ಹಳದಿ ಆಗೂತನಕ ಎಷ್ಟು ಹನಿ ಆದ್ವು ಅನ್ನೂದನ್ನ 17.9 ರಿಂದ ಗುಣಸ್ರಿ, ಲೀಟರಿಗೆ ಅಷ್ಟು ಮಿಲಿಗ್ರಾಂ ಕ್ಷಾರತೆ. 3–4 ಹನಿ ಬಂದ್ರ ಒಳ್ಳೇ ನೀರು. 8–9 ದಾಟಿದ್ರ ಆಮ್ಲ ಬೇಕ. ಬೋರಿಗೆ 22 ಹನಿ ಬಂದ್ರೂ ಅಚ್ಚರಿ ಇಲ್ಲ, ಅಂದ್ರ ಸುಮಾರು 400. ಲೆಕ್ಕಕ್ಕ ಅದನ್ನ ಹಿಡೀತೀನಿ.

ಈಗ ಕಾಕಾನ ವಿನೆಗರ್. ಕಾಕಾ, ಸಿಟ್ಟಾಗಬ್ಯಾಡ್ರಿ. ವಿನೆಗರ್ ಹಾಕಿದ ಕೂಡ್ಲೆ ಪಿಎಚ್ ಇಳೀತೈತಿ ಖರೆ, ಆದ್ರ ನೀರಾಗಿನ ಬ್ಯಾಕ್ಟೀರಿಯಾ ಅದನ್ನ ತಿಂದುಬಿಡ್ತಾವ, ಒಂದೆರಡು ದಿನದಾಗ ಪಿಎಚ್ ಮತ್ತ ಮ್ಯಾಲ. ಮ್ಯಾಲಿಂದ ಬೇರಿನ ಮ್ಯಾಲ ಲೋಳಿ ಕಟ್ತೈತಿ. ನಿಂಬಿಹುಳಿ, ಸಿಟ್ರಿಕ್ ಆಸಿಡ್ ಪಾಡೂ ಅದ. ಬ್ಯಾಟರಿ ಆಸಿಡ್ಡಂತೂ ಮುಟ್ಟಲೇಬ್ಯಾಡ್ರಿ. ಸರಿಯಾದದ್ದು ಫಾಸ್ಫರಿಕ್ ಆಸಿಡ್, ಹೈಡ್ರೋಪೋನಿಕ್ಸ್ ಅಂಗಡ್ಯಾಗ ಪಿಎಚ್ ಡೌನ್ ಅಂತ ಬರೂದರಾಗ ಹೆಚ್ಚಾಗಿ ಅದ ಇರ್ತೈತಿ.

ಹಂಗಂತ ಬೋರ್ ನೀರಿಗೆ ಬರೇ ಫಾಸ್ಫರಿಕ್ ಸುರುವಿ ಸರಿ ಮಾಡ್ತೀನಿ ಅಂದ್ರ ಲೆಕ್ಕ ತಪ್ತೈತಿ. 400 ಕ್ಷಾರತೆಯ 20 ಲೀಟರ್ ನೀರನ್ನ 6 ರ ಸುತ್ತ ಇಳಸಾಕ 85 ಶೇಕಡಾದ ಆಸಿಡ್ ಸುಮಾರು 9 ಮಿಲಿ ಹಿಡೀತೈತಿ. ಅದರ ಜೋಡಿ ಲೀಟರಿಗೆ 200 ಮಿಲಿಗ್ರಾಂ ರಂಜಕ (ಫಾಸ್ಫರಸ್) ಬಂದು ಕೂಡ್ತೈತಿ. ಸೊಪ್ಪಿಗೆ ಬೇಕಾಗೂದು 30 ರಿಂದ 50. ಹೆಚ್ಚಿಗಿ ರಂಜಕ ಕಬ್ಬಿಣ, ಸತುವನ್ನ ಮತ್ತ ತಡೀತೈತಿ, ಕ್ಯಾಲ್ಸಿಯಂ ಜೋಡಿ ಕೂಡಿ ಬೆಳ್ಳನ ಪುಡಿ ಆಗಿ ತಳಕ್ಕ ಕೂಡ್ತೈತಿ. ಹಳದಿ ಹೋಗಲಿ ಅಂತ ಮಾಡಿದ್ದು ಹಳದಿನ ಹೆಚ್ಚು ಮಾಡ್ತೈತಿ. ಅದಕ್ಕ ಬೆರಸೂದ ದಾರಿ.

ಬೆರಸೂ ಲೆಕ್ಕ ಹಿಂಗ. ಬೋರ್ 900, ಆರ್‌ಒ 30, ನಮಗ ಬೇಕಾಗೂದು 200. 200 ರಾಗ 30 ಕಳದ್ರ 170. 900 ರಾಗ 30 ಕಳದ್ರ 870. 170 ನ್ನ 870 ರಿಂದ ಭಾಗಿಸಿದ್ರ 0.2 ರ ಹತ್ರ ಬರ್ತೈತಿ, ಅಂದ್ರ ಐದರಾಗ ಒಂದು ಪಾಲು ಬೋರ್. 20 ಲೀಟರಿಗೆ 4 ಲೀಟರ್ ಬೋರ್, 16 ಲೀಟರ್ ಆರ್‌ಒ. ಕ್ಷಾರತೆನೂ 400 ರಿಂದ 80 ರ ಹತ್ರ ಬರ್ತೈತಿ, ಆಸಿಡ್ 9 ಮಿಲಿ ಬದ್ಲಿ ಹೆಚ್ಚಂದ್ರ ಎರಡು ಮಿಲಿ. ಬೋರಿನ ಕ್ಯಾಲ್ಸಿಯಂ ಒಂದಿಷ್ಟು ಪುಕ್ಕಟೆ ಸಿಕ್ಕಂಗೂ ಆತು.

ಕೈಯಾರೆ ಮಾಡೂದು ಹಿಂಗ್ರಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕ್ಕೊಂಡು, 90 ಮಿಲಿ ಆರ್‌ಒ ನೀರಿಗೆ 10 ಮಿಲಿ ಆಸಿಡ್ ನಿಧಾನಕ ಬಿಡ್ರಿ. ನೀರಿಗೆ ಆಸಿಡ್ ಹಾಕೂದು, ಆಸಿಡ್‌ಗೆ ನೀರು ಎಂದೂ ಹಾಕೂದಲ್ಲ. ಬಾಟ್ಲಿ ಮ್ಯಾಲ ಹೆಸರು ಬರದು ಹುಡುಗರ ಕೈಗೆ ಸಿಗದಂಗ ಇಡ್ರಿ. ಬೆರಸಿದ 20 ಲೀಟರಿಗೆ ಈ ತೆಳು ಆಸಿಡ್ ಮೊದಲ 5 ಮಿಲಿ ಹಾಕಿ ಕಲಸ್ರಿ. ಹೈಡ್ರೋಪೋನಿಕ್ಸ್ ಗೊಬ್ಬರ ಎ, ಬಿ ಅಂತ ಎರಡು ಬಾಟ್ಲಿಯಾಗ ಬರ್ತೈತಿ, ಆಮ್ಯಾಲೆ ಎ ಬಾಟ್ಲಿದು ಹಾಕಿ, ಚೊಲೋತ್ನಾಗ ಕಲಸಿ ಬಿ ಬಾಟ್ಲಿದು ಹಾಕ್ರಿ. ಎ ಮತ್ತು ಬಿ ನೀರಿಲ್ಲದ ಒಂದಕ್ಕೊಂದು ಸೇರಸಬ್ಯಾಡ್ರಿ, ಎ ಒಳಗಿನ ಕ್ಯಾಲ್ಸಿಯಂ ಬಿ ಒಳಗಿನ ಸಲ್ಫೇಟ್, ಫಾಸ್ಫೇಟ್ ಕೂಡ ಗಟ್ಟಿ ಆಗಿಬಿಡ್ತೈತಿ. ಪೆನ್ನು 600 ರ ಹತ್ರ ಬಂದ್ರ ಲೆಟ್ಯೂಸ್‌ಗೆ ಸಾಕ. ಕಡೀಕ ಪಿಎಚ್ ನೋಡ್ಕೋಂತ ಸಿರಿಂಜಿನಾಗ 2 ಮಿಲಿ, 2 ಮಿಲಿ ಹಾಕಿ, 10 ನಿಮಿಷ ಬಿಟ್ಟು ಮತ್ತ ನೋಡ್ರಿ. 5.8 ರಿಂದ 6.2 ಕ್ಕ ನಿಲ್ಲಸ್ರಿ. ಮರುದಿನ ಒಂದ್ಸಲ ನೋಡ್ರಿ, ಸ್ವಲ್ಪ ಏರಿರ್ತೈತಿ.

ಪೂರಾ ಆರ್‌ಒ ಹಾಕಲಿ ಏನು ಅಂದ್ರಲ್ಲ, ಹಾಕಬಹುದು, ಆದ್ರ ಅದರಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದಷ್ಟ ಕಡಿಮಿ. 20 ಲೀಟರಿಗೆ 4 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 2 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಮೊದಲ ಕರಗಿಸಿ ಆಮ್ಯಾಲೆ ಎ, ಬಿ ಹಾಕ್ರಿ. ಇಲ್ಲಂದ್ರ ಲೆಟ್ಯೂಸಿನ ಒಳಗಿನ ಎಳೀ ಎಲಿ ಅಂಚು ಸುಡ್ತಾವ. ಬರೇ ಆರ್‌ಒ ನೀರಿನ ಪಿಎಚ್ ಅಳೀಬ್ಯಾಡ್ರಿ, ಉಪ್ಪಿಲ್ಲದ ನೀರಾಗ ಪಿಎಚ್ ಪೆನ್ನಿನ ಅಂಕಿ ಒಂದು ಕಡೆ ನಿಲ್ಲಂಗಿಲ್ಲ. ಗೊಬ್ಬರ ಹಾಕಿದ ಮ್ಯಾಲ ಅಳೀರಿ. ಅಗ್ರೋ ಅಂಗಡಿ 19:19:19 ಗೊಬ್ಬರಾನ ಇದಕ್ಕ ಹಾಕಬ್ಯಾಡ್ರಿ, ಕ್ಯಾಲ್ಸಿಯಂ ಇಲ್ಲ, ಸಾರಜನಕದಾಗ ಯೂರಿಯಾ ಪಾಲು ದೊಡ್ಡದು. ಮಣ್ಣಿಗೆ ಸರಿ, ಬರೇ ನೀರಿಗೆ ಅಲ್ಲ.

ಇನ್ನೊಂದು ಖರ್ಚು ನೆನಪಿಡ್ರಿ. ಮನಿ ಆರ್‌ಒ ಮಷಿನ್ನು 1 ಲೀಟರ್ ಕೊಡಾಕ 3 ಲೀಟರ್ ಹೊರಗ ಬಿಟ್ರ, ನಿಮ್ಮ 16 ಲೀಟರಿಗೆ 48 ಲೀಟರ್ ಹೋತು. ಆ ನೀರಿನ ಟಿಡಿಎಸ್ 1200 ರ ಹತ್ರ ಇರ್ತೈತಿ, ಅದನ್ನ ಕುಂಡಕ್ಕ ಹಾಕಬ್ಯಾಡ್ರಿ, ನೆಲ ಒರಸಾಕ, ಪಾಯಖಾನಿಗೆ ಬಳಸ್ರಿ. ಊರಾಗಿನ ಶುದ್ಧ ಕುಡಿಯುವ ನೀರಿನ ಘಟಕದ 20 ಲೀಟರ್ ಕ್ಯಾನ್ ತಂದ್ರ ಮನ್ಯಾಗ ಪೋಲಾಗೂದು ಉಳೀತೈತಿ. ತಂದದ್ದನ್ನ ಪೆನ್ನಿಲೆ ನೋಡ್ರಿ, ಮೆಂಬ್ರೇನ್ (ಮಷಿನ್ನಿನಾಗ ಉಪ್ಪು ತಡಿಯೂ ಪದರ) ಹಳೇದಾಗಿದ್ರ 150–200 ಬರ್ತೈತಿ, ಆಗ ಬೋರ್ ಪಾಲು ಕಡಿಮಿ ಮಾಡ್ರಿ.

ನನ್ನ ಕೇಳಿದ್ರ ಆರ್‌ಒಕ್ಕಿಂತ ಮೊದಲ ನಳದ ನೀರು ನೋಡ್ರಿ. ಗದಗ-ಬೆಟಗೇರಿಗೆ ತುಂಗಭದ್ರಾ ನೀರು, ಹುಬ್ಬಳ್ಳಿ-ಧಾರವಾಡಕ್ಕ ಸವದತ್ತಿ ಕಡೆಯಿಂದ ಮಲಪ್ರಭಾ ನೀರು, ಜೋಡಿ ನೀರಸಾಗರ. ಹೊಳಿ ನೀರಿನ ಉಪ್ಪು ಸಾಮಾನ್ಯವಾಗಿ ಬೋರಿನಕಿಂತ ಭಾಳ ಕಡಿಮಿ. ನೀರು ದಿನಾ ಬರಂಗಿಲ್ಲ ಅನ್ನೂದು ಗೊತ್ತೈತಿ, ಅದಕ್ಕ ಬಂದ ದಿನ ಗಿಡಕ್ಕ ಅಂತ ಎರಡು ಕೊಡ ಬ್ಯಾರೆ ತಗದಿಡ್ರಿ. ಸಂಪಿನಾಗ ಬೋರ್ ಕೂಡ ಕೂಡಿದ ಮ್ಯಾಲ ಅದು ನಳದ ನೀರಲ್ಲ. ಹೊಸಾ ಸಿಮೆಂಟ್ ಸಂಪ್ ಇದ್ರ ಅದೂ ಸುಣ್ಣ ಬಿಟ್ಟು ಪಿಎಚ್ ಏರಸ್ತೈತಿ. ಕ್ಲೋರಿನ್ ವಾಸನಿ ಬಂದ್ರ ಬಾಯಿ ಅಗಲ ಇರೂ ಬಕೆಟ್ಟಿನಾಗ ಒಂದು ದಿನ ತೆರದಿಡ್ರಿ, ಮೀನಿನ ತೊಟ್ಟಿ ಗಾಳಿ ಪಂಪ್ ಹಚ್ಚಿದ್ರ ಇನ್ನೂ ಲಗೂನ ಹೋಗ್ತೈತಿ. ಮಳಿಗಾಲದಾಗ ರಾಡಿ ಬಂದ್ರ ರಾತ್ರಿ ತಳ ಕೂಡಿಸಿ ಮ್ಯಾಲಿನ ನೀರು ಸೋಸಿ ತಗೋರಿ.

ಮಳಿ ನೀರು ಎಲ್ಲಾದಕ್ಕೂ ಮೇಲು. ಒಂದು ಚದರ ಮೀಟರ್ ಮ್ಯಾಲ ಒಂದು ಮಿಲಿಮೀಟರ್ ಮಳಿ ಅಂದ್ರ 1 ಲೀಟರ್. 10 ಫೂಟಿಗೆ 10 ಫೂಟ್ ಛತ್ತಿನ ಮ್ಯಾಲ 20 ಮಿಲಿಮೀಟರ್ ಮಳಿ ಬಿದ್ರ, ಹಾಳಾಗೂದು ಬಿಟ್ಟು 150 ಲೀಟರ್ ಹತ್ರ ಸಿಗ್ತೈತಿ. ಮೊದಲ ಹತ್ತು-ಹದಿನೈದು ನಿಮಿಷದ್ದು ಹೊರಗ ಬಿಡ್ರಿ. ಬಿಸಿಲು ಹೋಗದ ಡ್ರಮ್ಮಿನಾಗ ತುಂಬಿ ಸಣ್ಣ ಜಾಳಗಿ ಕಟ್ರಿ, ಸೊಳ್ಳಿ ಹುಟ್ಟಬಾರದು. ಜಿಂಕ್ ಪತ್ರಾಸದ ಮ್ಯಾಲಿನ ನೀರಾಗ ಸತುವು ಇರ್ತೈತಿ, ಹೈಡ್ರೋಪೋನಿಕ್ಸ್‌ಗೆ ಅದು ಬ್ಯಾಡ. ಮಳಿ ನೀರನ್ನೂ ಆರ್‌ಒ ಹಂಗ ಹಿಡಕೊಂಡು ಬೋರ್ ಬೆರಸ್ರಿ.

ಹುಬ್ಬಳ್ಳಿ ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ಸಾಫ್ಟ್‌ನರ್ ಮಷಿನ್ನಿನ ನೀರು ಮೆತ್ತಗ ಐತಿ ಅಂತ ಗಿಡಕ್ಕ ಹಾಕಬ್ಯಾಡ್ರಿ. ಅದು ಕ್ಯಾಲ್ಸಿಯಂ ತಗದು ಸೋಡಿಯಂ ಹಾಕ್ತೈತಿ. 300 ಗಡಸುತನ ತಗದ್ರ ಲೀಟರಿಗೆ 138 ಮಿಲಿಗ್ರಾಂ ಸೋಡಿಯಂ ಕೂಡ್ತೈತಿ, ಕ್ಷಾರತೆ ಇದ್ದಷ್ಟ ಇರ್ತೈತಿ. ಮಷಿನ್ನಿಗೆ ಹೋಗೂಕಿಂತ ಮೊದಲಿನ ನಳದಿಂದ ಹಿಡೀರಿ. ಕೂಲರ್ ತಳದ ನೀರೂ ಬ್ಯಾಡ, ಆವಿ ಆಗಿ ಉಪ್ಪು ಗಟ್ಟಿ ಆಗಿರ್ತೈತಿ. ಎಸಿ ಪೈಪಿನ ನೀರು ಸೋಸಿ, ಬೆರಸಿ ಬಳಸಬಹುದು.

ಸ್ಪೈಡರ್ ಪ್ಲಾಂಟಿಗೆ ಬರ್ತೀನಿ. ಆ ಗಿಡಕ್ಕ, ಡ್ರೆಸೀನಾಕ್ಕ ಫ್ಲೋರೈಡ್ ಆಗಂಗಿಲ್ಲ, ತುದಿ ಸುಡ್ತಾವ. ಗದಗ ಜಿಲ್ಲಾದಾಗ, ಮುಂಡರಗಿ ಕಡೆ ಅಂತೂ, ಬೋರ್ ನೀರಾಗ ಫ್ಲೋರೈಡ್ ಹೆಚ್ಚು ಇರೂದು ಎಲ್ಲಾರಿಗೂ ಗೊತ್ತಿದ್ದದ್ದು. ಕುದಿಸಿದ್ರ ಕ್ಷಾರತೆ ಸ್ವಲ್ಪ ಕರಣಿ ಕಟ್ಟಿ ಇಳೀತೈತಿ, ಫ್ಲೋರೈಡ್ ಹೋಗಂಗಿಲ್ಲ. ಈ ಗಿಡಕ್ಕ ಆರ್‌ಒ ಇಲ್ಲಾ ಮಳಿ ನೀರ ಹಾಕ್ರಿ. ಮೊದಲ ಕುಂಡದಾಗ ಕೂಡಿದ ಉಪ್ಪು ತೊಳೀಬೇಕ. ಬಚ್ಚಲದಾಗ ಇಟ್ಟು, ಕುಂಡದ ಎರಡು-ಮೂರು ಪಟ್ಟು ನೀರು ನಿಧಾನಕ ಬಿಟ್ಟು ತಳದಿಂದ ಪೂರಾ ಬಸಿಯಾಕ ಬಿಡ್ರಿ. ಸುಟ್ಟ ತುದಿ ಮತ್ತ ಹಸರ ಆಗಂಗಿಲ್ಲ, ಹೊಸಾ ಎಲಿ ಚಲೋ ಬಂದ್ರ ಸರಿ ಹೊಂಟೈತಿ ಅಂತ ತಿಳ್ಕೋರಿ. ಮನಿ ಪ್ಲಾಂಟ್ ಬಾಟ್ಲಿಗೆ ಇಷ್ಟೆಲ್ಲಾ ಬ್ಯಾಡ, ವಾರಕ್ಕೊಮ್ಮೆ ನೀರು ಬದಲಿಸಿದ್ರ ಸಾಕ.

ಬ್ಯಾಸಗಿಯೊಳಗ ನೀರಿನ ಬಿಸಿ ನೋಡ್ರಿ. ಗಿಡದ ನೀರು 18 ರಿಂದ 22 ಡಿಗ್ರಿ ಇದ್ರ ಭಾಳ ಚಲೋ. 25 ಡಿಗ್ರಿ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಕೊಂತೈತಿ, 35 ಕ್ಕ 7 ರ ಹತ್ರ, ಆದ್ರ ಬಿಸಿಯಾಗ ಬೇರಿಗೆ ಬೇಕಾಗೂದು ಹೆಚ್ಚಾಗ್ತೈತಿ. ಆಗ ಬೇರು ಕಂದ ಆಗಿ ವಾಸನಿ ಬರ್ತೈತಿ. ಛತ್ತಿನ ಟಾಕಿಯಿಂದ ಮಧ್ಯಾಹ್ನ ನೀರು ತುಂಬಬ್ಯಾಡ್ರಿ, ಮುಂಜಾನೆ ತುಂಬ್ರಿ. ಬಕೆಟ್ಟಿಗೆ ಹಸೀ ಗೋಣಿಚೀಲ ಸುತ್ರಿ, ನಮ್ಮ ಒಣ ಹವಾಕ್ಕ ಚಲೋ ತಂಪ ಹಿಡೀತೈತಿ, ಬೆಳಕು ತಡದು ಪಾಚಿನೂ ಬಿಡಂಗಿಲ್ಲ.

ಕಡಿಮಿ ಆದಾಗ ಮ್ಯಾಲ ಸುರುವೂ ನೀರು ಬೋರ್ ಇರಬಾರದು. ಹತ್ತು ದಿನಕ್ಕ 20 ಲೀಟರ್ 900 ರ ನೀರು ಸುರುವಿದ್ರ 18 ಗ್ರಾಂ ಉಪ್ಪು ಹಾಕಿದಂಗ, ಸೋಡಿಯಂ ಎಲ್ಲಾ ಅಲ್ಲೇ ಉಳೀತೈತಿ. ಪೆನ್ನಿನ ಅಂಕಿ ಏರಿದ್ರ ಬರೇ ಆರ್‌ಒ ಇಲ್ಲಾ ನಳದ ನೀರು ಹಾಕ್ರಿ, ಇಳದ್ರ ಗೊಬ್ಬರದ ನೀರು ಹಾಕ್ರಿ. 10–14 ದಿನಕ್ಕ ಪೂರಾ ಬದಲಿಸಿ, ಹಳೇದನ್ನ ಹಿತ್ತಲದ ಗಿಡಕ್ಕ ಚೆಲ್ರಿ.

ಫ್ಲೋರೈಡ್, ಸೋಡಿಯಂ ಮನ್ಯಾಗ ತಿಳಿಯಂಗಿಲ್ಲ, ಒಂದ್ಸಲ ಲ್ಯಾಬ್‌ಗೆ ಕೊಡ್ರಿ. ಗದಗಿನವರು ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರದಾಗ, ಹಾವೇರಿಯವರು ಹನುಮನಮಟ್ಟಿಯಾಗ, ಧಾರವಾಡದವರು ಕೃಷಿ ವಿಶ್ವವಿದ್ಯಾಲಯದಾಗ ಮೊದಲ ವಿಚಾರಸ್ರಿ. ಬೋರ್ 10 ನಿಮಿಷ ಓಡಿಸಿ, 1 ಲೀಟರ್ ಬಾಟ್ಲಿ ಅದ ನೀರಿಲೆ ಮೂರು ಸಲ ತೊಳದು, ಗಾಳಿ ಉಳಿಯದಂಗ ಬಾಯಿ ತನಕ ತುಂಬಿ ಅವತ್ತ ಕೊಡ್ರಿ. ಪಿಎಚ್, ಇಸಿ, ಕಾರ್ಬೊನೇಟ್, ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್, ಫ್ಲೋರೈಡ್ ಅಂತ ಬರದುಕೊಡ್ರಿ, ಇಲ್ಲಂದ್ರ ಬರೇ ಕುಡ್ಯಾಕ ಆಗ್ತೈತೋ ಇಲ್ಲೋ ಅಂತ ಹೇಳಿ ಕಳಸ್ತಾರ.

ವೈನಿ, ಇವತ್ತು ಲೆಟ್ಯೂಸಿನ ಬಕೆಟ್ ಖಾಲಿ ಮಾಡಿ 4 ಕ್ಕ 16 ರ ನೀರು ತುಂಬ್ರಿ. ಕೆಎಚ್ ಕಿಟ್ ಬಂದ ಮ್ಯಾಲ ಬೋರ್ ನೀರಿಗೆ ಎಷ್ಟು ಹನಿ ಆದ್ವು ಅಂತ ಇಲ್ಲೇ ಹಾಕ್ರಿ, ಅದರ ಮ್ಯಾಲ ಆಸಿಡ್ ಲೆಕ್ಕ ಮತ್ತ ಹೇಳ್ತೀನಿ.