ಪದಚರ್ಚೆ: ‘ಮೈಕ್ರೊಬ್ರೂವರಿ’ಗೆ ಕನ್ನಡದಲ್ಲಿ ಏನನ್ನೋಣ? ಗುರುವಾರದೊಳಗೆ ಬೇಕು

ದಾವಣಗೆರೆಯಿಂದ:

ಗೆಳೆಯರೇ, ಸ್ವಲ್ಪ ತುರ್ತು. ಬೆಂಗಳೂರು ನೋಡಲು ಹೋಗುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಗುರುವಾರ ಪ್ರೆಸ್‌ಗೆ ಹೋಗಬೇಕು. ಲಾಲ್‌ಬಾಗು, ಬಸವನಗುಡಿ ಎಲ್ಲ ಸರಾಗವಾಗಿ ಮುಗಿಯಿತು. ಬಿಯರ್ ಪುಟಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಇಂದಿರಾನಗರದ ಟಾಯ್ಟ್, ಮಗ್ರಾತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್, ಹೀಗೆ ಬಿಯರನ್ನು ತಾವೇ ಮಾಡಿ ಅಲ್ಲೇ ಕೊಡುವ ಜಾಗಗಳ ಪುಟ ಅದು.

ಬಗೆಗಳ ಹೆಸರು ಅಷ್ಟೇನೂ ಕಾಡಲಿಲ್ಲ. ಗೋಧಿ ಬಿಯರ್ ಸುಲಭ. ಸ್ಟೌಟ್‌ಗೆ ‘ಹುರಿದ ಬಾರ್ಲಿಯ ಕಪ್ಪು ಬಿಯರ್’ ಎಂದು ಬರೆದೆ. ಟಾಯ್ಟ್‌ನವರ ಟಿನ್‌ಟಿನ್ ಎನ್ನುವ ಬಿಯರ್ ‘ವಿಟ್’ ಜಾತಿಯದು, ಅಂದರೆ ಬೆಲ್ಜಿಯಂ ಕಡೆಯ ಗೋಧಿ ಬಿಯರ್. ಆ ಜಾತಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ ಅಂತ ಬಿಡಿಸಿ ಬರೆದೆ. ಕೊತ್ತಂಬರಿ ಬೀಜ ಅಂದಕೂಡಲೇ ನಮ್ಮವರಿಗೆ ವಾಸನೆ ಗೊತ್ತಾಗುತ್ತೆ ಅಲ್ವಾ.

ಬೇಕಾಗಿರುವುದು ಎರಡು: ಈ ಜಾಗಗಳಿಗೆ ಹೇಳುವ ಮೈಕ್ರೊಬ್ರೂವರಿ, ಅಲ್ಲಿ ಮಾಡುವ ಬಿಯರಿಗೆ ಹೇಳುವ ಕ್ರಾಫ್ಟ್ ಬಿಯರ್. ‘ಕಿರುಬಟ್ಟಿ’ ಅಂತಲೂ, ಕೈಮಗ್ಗದ ದಾರಿಯಲ್ಲಿ ‘ಕೈಬಿಯರ್’ ಅಂತಲೂ ಬರೆದಿಟ್ಟುಕೊಂಡಿದ್ದೇನೆ. ಎರಡೂ ಬಾಯಿಗೆ ಹತ್ತುತ್ತಿಲ್ಲ. ಬಿಯರಿಗೆ ಹಾಕುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು), ಹಾಪ್ಸ್ (ಕಹಿ ಕೊಡುವ ಹೂ) ಬಗ್ಗೆಯೂ ಹೇಳಿದರೆ ಉಪಕಾರ.

ಚಿತ್ರದುರ್ಗದಿಂದ:

ಪದ ಮನೆಯಲ್ಲೇ ಇದೆ. ಆಲೆಮನೆ. ಕಬ್ಬು ಅರೆದು, ಹಾಲನ್ನು ಕೊಪ್ಪರಿಗೆಗೆ ಸುರಿದು ಕಾಯಿಸುವ ಜಾಗ. ಬಿಯರಿನಲ್ಲೂ ಕಾಳು ನೆನೆಸಿದ ಸಿಹಿ ನೀರನ್ನು ಕೊಪ್ಪರಿಗೆಯಲ್ಲೇ ಕಾಯಿಸುತ್ತಾರೆ. ಬಿಯರಿನ ಒಂದು ಬಗೆಗೆ ಇಂಗ್ಲಿಷಿನಲ್ಲಿ ಹೇಳುವ ‘ಏಲ್’ ನಮ್ಮ ಆಲೆಯೇ ಎಂದು ನಾನು ಇಲ್ಲಿ ಹಿಂದೆಯೂ ಬರೆದಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ಬಿಯರಾಲೆ’ ಎನ್ನಿ. ಬಿಯರಿಗೇ ಕನ್ನಡ ಬೇಕೆಂದರೆ, ಬಾರ್ಲಿ ನಮ್ಮಲ್ಲಿ ಜವೆಗೋಧಿ, ಅದರ ಕಳ್ಳು ‘ಜವೆಗಳ್ಳು’. ಬಟ್ಟಿ ಬೇಡ, ಸಂಸ್ಕೃತದಿಂದ ಬಂದದ್ದು.

ಹರಿಹರದಿಂದ:

ಇಲ್ಲ ಸರ್, ಆಗುವುದಿಲ್ಲ. ಏಲ್ ಹಳೆ ಇಂಗ್ಲಿಷಿನಲ್ಲಿ ‘ಎಅಲು’. ಅದರ ಬಳಗ ಉತ್ತರ ಯುರೋಪಿನದು. ಆಲೆ ನಮ್ಮ ಬಳಗದ್ದು, ತಮಿಳಿನಲ್ಲಿ ‘ಆಲೈ’. ಸದ್ದು ಕೂಡಿದ ಮಾತ್ರಕ್ಕೆ ನಂಟಸ್ತಿಕೆ ಆಗಲ್ಲ.

ಜವೆಗಳ್ಳಂತೂ ಬೇಡವೇ ಬೇಡ. ಕಳ್ಳು ಮರದಿಂದ ಇಳಿಸುವುದು, ಈಚಲದ್ದೋ ತೆಂಗಿನದ್ದೋ. ಅದಕ್ಕೆ ಒಲೆಯೂ ಇಲ್ಲ, ಕಾಳೂ ಇಲ್ಲ. ಮೇಲಾಗಿ ಓದುವವರು ‘ಜವೆಗಳ್ಳ’ ಅಂತಲೇ ಓದುತ್ತಾರೆ.

ಕಿರುಬಟ್ಟಿಯೂ ತಪ್ಪು. ಬಟ್ಟಿ ಇಳಿಸುವುದು ಎಂದರೆ ಆವಿ ಹಿಡಿದು ತಣಿಸುವುದು. ವಿಸ್ಕಿ, ರಮ್ಮು, ಸಾರಾಯಿ ಅಲ್ಲಿ ಬರುತ್ತವೆ. ಬಿಯರನ್ನು ಹುದುಗಿಸುತ್ತಾರೆ, ಇಳಿಸುವುದಿಲ್ಲ. ಇನ್ನೊಂದು ಮಾತು. ಸಾರಾಯಿ 2007ರ ಜುಲೈ 1ಕ್ಕೆ ರಾಜ್ಯದಲ್ಲಿ ನಿಂತಿತು. ‘ಕಳ್ಳಬಟ್ಟಿ’ ಎನ್ನುವ ಮಾತು ಮಾತ್ರ ಇವತ್ತಿಗೂ ಪೇಪರಿನಲ್ಲಿದೆ. ಕಿರುಬಟ್ಟಿ ಎಂದು ಓದಿದವರಿಗೆ ಪೊಲೀಸ್ ದಾಳಿ ನೆನಪಾಗುತ್ತದೆ. ಮೈಕ್ರೊಬ್ರೂವರಿ ಎಂದೇ ಬರೆಯಿರಿ, ಮುಗಿಯಿತು.

ದಾವಣಗೆರೆಯಿಂದ:

ಕಳ್ಳಬಟ್ಟಿ ನೆನಪಿಸಿದ್ದು ಒಳ್ಳೆಯದಾಯಿತು. ನನಗೆ ಹೊಳೆದಿರಲಿಲ್ಲ, ಅದಕ್ಕೂ ಕಾರಣ ಇದೆ. ನಮ್ಮೂರಲ್ಲಿ ಭಟ್ಟಿ ಅಂದರೆ ಮೊದಲು ಮಂಡಕ್ಕಿ ಭಟ್ಟಿ. ನೆನೆಸಿ, ಬೇಯಿಸಿ, ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕುತ್ತಾರೆ, ಚಟಪಟ ಅಂತ ಅರಳುತ್ತೆ. ಆ ಬೀದಿಗಳಲ್ಲಿ ಬೆಳೆದ ಯಾರಿಗೂ ಭಟ್ಟಿ ಎಂದರೆ ಕುಡಿತ ನೆನಪಾಗುವುದಿಲ್ಲ. ಹೊಗೆ, ಬಿಸಿ, ಮೈಗೆ ಅಂಟಿದ ಬೂದಿ, ಇದೇ ಭಟ್ಟಿ. ಸಂಸ್ಕೃತದ ಮೂಲ ಪದಕ್ಕೂ ಹುರಿಯುವ ಒಲೆ ಅಂತಲೇ ಅರ್ಥ. ಇಳಿಸುವ ಅರ್ಥ ಆಮೇಲೆ ಅಂಟಿಕೊಂಡಿತು. ಮಾಲ್ಟ್ ಮಾಡುವಾಗಲೂ ಮೊಳಕೆ ಬಂದ ಬಾರ್ಲಿಯನ್ನು ಬಿಸಿಗೆ ಒಣಗಿಸುತ್ತಾರೆ. ಹಾಗಾಗಿ ಪದ ಅಷ್ಟು ದೂರದ್ದೇನಲ್ಲ. ಆದರೆ ಕೈಪಿಡಿ ದಾವಣಗೆರೆಯವರಿಗೆ ಮಾತ್ರ ಅಲ್ಲವಲ್ಲ. ಬಿಟ್ಟೆ.

ಮಾಲ್ಟ್ ಹಾಗೇ ಇಡುತ್ತೇನೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ್ದಕ್ಕೆ ನಮ್ಮ ಮನೆಯಲ್ಲೂ ರಾಗಿ ಮಾಲ್ಟ್ ಅಂತಲೇ ಅನ್ನುತ್ತೇವೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನ ಜೊತೆ ಕೊಡುವುದೂ ಅದೇ. ಅದನ್ನು ತೆಗೆದು ‘ಮೊಳೆಹಿಟ್ಟು’ ಅಂದರೆ ಅರ್ಥವಾಗುತ್ತಿದ್ದ ಮಾತನ್ನು ನಾನೇ ಕೆಡಿಸಿದ ಹಾಗೆ.

ಬೆಂಗಳೂರಿನಿಂದ:

ಹುಟ್ಟೂರು ದಾವಣಗೆರೆಯೇ, ಹಾಗಾಗಿ ಸುಮ್ನೆ ಇರಲಾಗಲಿಲ್ಲ. ಕುಡಿತದ ಪದಗಳಲ್ಲಿ ಯಾವುದು ಎರವಲು ಅಲ್ಲ ಹೇಳಿ? ಲೈಸೆನ್ಸ್ ಕೊಡುವ ಅಬಕಾರಿ ಇಲಾಖೆಯ ಹೆಸರೇ ಪಾರ್ಸಿ. ‘ಆಬ್’ ಎಂದರೆ ನೀರು, ‘ಕಾರ್’ ಎಂದರೆ ಕೆಲಸ. ಪಂಜಾಬಿನಲ್ಲಿರುವುದೂ ಅದೇ ಆಬ್. ಬಿಯರ್ ತುಂಬುವ ಪೀಪಾಯಿ ಪೋರ್ಚುಗೀಸರದು. ಶರಾಬು ಅರಬ್ಬಿಯದು, ಶರಬತ್ತು ಅದರ ತಂಗಿ. ಇಷ್ಟೆಲ್ಲ ನುಂಗಿ ಅರಗಿಸಿಕೊಂಡ ಕನ್ನಡಕ್ಕೆ ಒಂದು ಬ್ರೂವರಿ ಜಾಸ್ತಿಯಾಗುತ್ತಾ?

ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಕಟ್ಟಳೆ ಮಾಡಿದರು. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು, ಇಷ್ಟೇ ಹಾಕಬೇಕು ಅಂತ. ಆ ಪಟ್ಟಿಯಲ್ಲಿ ಹುದುಗು ಬರಿಸುವ ಯೀಸ್ಟ್ ಇರಲಿಲ್ಲ. ಯೀಸ್ಟ್ ಇಲ್ಲದೆ ಬಿಯರೇ ಆಗುವುದಿಲ್ಲ. ಶುದ್ಧದ ಪಟ್ಟಿ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಚಿತ್ರದುರ್ಗದಿಂದ:

ನನಗೆ ಶುದ್ಧದ ಹುಚ್ಚು ಇದೆ ಎಂದು ತೀರ್ಮಾನ ಮಾಡಿಬಿಟ್ಟಿರಿ. ಏಲ್ ವಿಚಾರ ಬಿಡುತ್ತೇನೆ, ಹರಿಹರದವರ ಆಧಾರ ಗಟ್ಟಿಯಾಗಿದೆ. ಆದರೆ ಎರವಲೆಲ್ಲ ಒಂದೇ ಅಲ್ಲ. ‘ಪೀಪಾ’ ಬಂದಾಗ ನಮ್ಮ ಹಿರಿಯರು ಅದಕ್ಕೊಂದು ಬಾಲ ಹಚ್ಚಿ ಪೀಪಾಯಿ ಮಾಡಿಕೊಂಡರು. ಬಾಟಲ್ ಬಾಟಲಿ ಆಯಿತು. ಬಾಯಿ ನಮ್ಮದಾಗಿತ್ತು, ಪದ ಬಗ್ಗಿತು. ಈಗ ಪದ ಹಾಗೇ ನಿಲ್ಲುತ್ತೆ, ನಮ್ಮ ಬಾಯೇ ಬಗ್ಗಬೇಕು. ನಮ್ಮೂರಿನ ಮುದುಕರಿಗೆ ‘ಮೈಕ್ರೊಬ್ರೂವರಿ’ ಓದಿ ಹೇಳಿ ನೋಡಿ. ಔಷಧಿ ಅಂಗಡಿಯಾ ಅನ್ನುತ್ತಾರೆ. ನನ್ನ ಸಿಟ್ಟು ಅಷ್ಟಕ್ಕೆ.

ಹರಿಹರದಿಂದ:

ಆ ಮುದುಕರು ಆ ಕೈಪಿಡಿ ಕೊಳ್ಳುವುದಿಲ್ಲ.

ಚಿತ್ರದುರ್ಗದಿಂದ:

ಕೊಳ್ಳದವರಿಗೆ ಕನ್ನಡ ಬೇಡವೇ?

ದಾವಣಗೆರೆಯಿಂದ:

ಇಬ್ಬರೂ ದಯವಿಟ್ಟು ಸ್ವಲ್ಪ ತಡೆಯಿರಿ, ನನಗೆ ಪುಟ ಮುಗಿಸಬೇಕು. ದುರ್ಗದವರ ಕೊನೆಯ ಮಾತು ನನಗೆ ನಾಟಿತು. ಆಲೆಯ ನಂಟು ಒಪ್ಪದಿದ್ದರೂ ಆಲೆಮನೆಯ ‘ಮನೆ’ ಬೇಕು ಅನ್ನಿಸಿತು. ಕನ್ನಡದಲ್ಲಿ ಏನನ್ನಾದರೂ ಬೇಯಿಸುವ, ಕಾಯಿಸುವ ಜಾಗಕ್ಕೆ ಮನೆ ಸೇರುತ್ತದೆ. ಆಲೆಮನೆ, ಅಡುಗೆಮನೆ. ಆದ್ದರಿಂದ ‘ಬಿಯರ್ ಮನೆ’. ನಿನ್ನೆ ಬೆಣ್ಣೆದೋಸೆ ಹೋಟೆಲಿನಲ್ಲಿ ಪಕ್ಕ ಕೂತಿದ್ದ ಇಬ್ಬರಿಗೆ ಕೇಳಿದೆ, ಬಿಯರ್ ಮನೆ ಅಂದರೆ ಏನು ಅಂತ. ‘ಬಿಯರ್ ಮಾಡೋ ಜಾಗ’ ಅಂದರು. ಬಾರ್ ಅನ್ನಲಿಲ್ಲ, ನನಗೆ ಅಷ್ಟು ಸಾಕು.

ಮೊದಲ ಸಾಲು ಹೀಗಿದೆ: ‘ಬೆಂಗಳೂರಿನವರು ಮೈಕ್ರೊಬ್ರೂವರಿ ಎನ್ನುವ ಬಿಯರ್ ಮನೆಗಳಲ್ಲಿ ಬಿಯರನ್ನು ಅಲ್ಲೇ ಕಾಯಿಸಿ, ಹುದುಗಿಸಿ, ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಬಿಡುತ್ತಾರೆ.’ ಮುಂದೆಲ್ಲ ಬಿಯರ್ ಮನೆ ಮಾತ್ರ. ಕ್ರಾಫ್ಟ್ ಬಿಯರ್ ಎನ್ನುವುದನ್ನು ತಲೆಬರಹದಲ್ಲಿ ಒಮ್ಮೆ ಇಟ್ಟಿದ್ದೇನೆ, ಬೋರ್ಡಿನಲ್ಲಿ ಅದೇ ಕಾಣುತ್ತದಲ್ಲ. ಒಳಗೆ ‘ಅಲ್ಲೇ ಮಾಡಿದ ಬಿಯರ್’. ಕೈಬಿಯರ್ ಹೊಡೆದುಹಾಕಿದೆ.

ಇನ್ನು ಹಾಪ್ಸ್ ಒಂದೇ ಉಳಿಯಿತು. ಬಿಯರಿಗೆ ಕಹಿ ಕೊಡುವುದು, ಬೇಗ ಕೆಡದ ಹಾಗೆ ಕಾಯುವುದು ಆ ಬಳ್ಳಿಯ ಹೂ. ಸದ್ಯಕ್ಕೆ ‘ಹಾಪ್ಸ್ ಹೂ’ ಅಂತಿದೆ. ಹಿಮಾಚಲದ ಲಾಹೌಲ್ ಕಡೆ ಅದನ್ನು ಬೆಳೆದಿದ್ದಾರೆ. ಅಲ್ಲಿನ ರೈತರು ಏನನ್ನುತ್ತಾರೆ ಅಂತ ಯಾರಿಗಾದರೂ ಗೊತ್ತಿದ್ದರೆ ಬುಧವಾರ ರಾತ್ರಿಯೊಳಗೆ ಬರೆಯಿರಿ.