ಚೈನೀಸ್ ಸೆಟ್ ಮೆನು: ಗ್ರೇವಿ ನೀರಾಗುತ್ತೆ, ಅನ್ನ ಮುದ್ದೆಯಾಗುತ್ತೆ

ಪ್ರಶ್ನೆ: ಸೂಪ್, ಸ್ಟಾರ್ಟರ್, ಗ್ರೇವಿ, ಫ್ರೈಡ್ ರೈಸ್, ವಾರಕ್ಕೊಮ್ಮೆ ನಾಲ್ಕೂ ಬದಲು. ದೊಡ್ಡ ಒಲೆ ಎರಡೇ, 40 ಜನ. ಸ್ವೀಟ್ ಅಂಡ್ ಸೋರ್ ಗ್ರೇವಿ ಅರ್ಧ ಗಂಟೆಗೆ ನೀರಾಗುತ್ತೆ. ಅನ್ನ ಅಂಟುತ್ತೆ. ಏನು ಮಾಡೋದು?

ಉತ್ತರ 1: ಕಾರ್ನ್‌ಫ್ಲೋರ್ ಹಾಕಿದ ಗ್ರೇವಿಯನ್ನ ಒಲೆ ಮೇಲೇ ಬಿಟ್ಟಿದ್ದೀರಿ. ಹುಳಿ, ಬಿಡದ ಕುದಿ, ಮೇಲಿಂದ ಸೌಟಾಡಿಸೋದು, ಮೂರೂ ಸೇರಿ ಪಿಷ್ಟ ಒಡೆಯುತ್ತೆ. ಸಾಸ್ ಮಾತ್ರ ಮೊದಲೇ ಮಾಡಿಡಿ. ಬಡಿಸುವಾಗ 250 ಮಿಲಿ ಕುದಿಯೋ ಸಾಸಿಗೆ 1 ಟೇಬಲ್ ಚಮಚ ಕಾರ್ನ್‌ಫ್ಲೋರ್, 2 ಟೇಬಲ್ ಚಮಚ ತಣ್ಣೀರಲ್ಲಿ ಕಲಸಿ ಹಾಕಿ. ಹಾಕೋ ಮುಂಚೆ ಇನ್ನೊಮ್ಮೆ ಕಲಕಿ, ಹಿಟ್ಟು ತಳಕ್ಕೆ ಕೂತಿರುತ್ತೆ. ಮಿರುಗು ಬಂದ ಕೂಡಲೇ ಇಳಿಸಿ.

ಉತ್ತರ 2: ಅನ್ನ ಉದುರಾಗಿ ಬಸಿದು, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಬೆ ಹೋದ ತಕ್ಷಣ ಫ್ರಿಜ್ಜಿಗೆ. ರಾತ್ರಿಯಿಡೀ ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತೆ, ಆಮೇಲೆ ಹುರಿದರೂ ಅದು ಹೋಗಲ್ಲ. ಬಾಣಲೆಗೆ ಒಮ್ಮೆಗೆ ಎರಡೇ ಪ್ಲೇಟ್ ಅನ್ನ. ಜಾಸ್ತಿಯಾದರೆ ಅದು ಹುರಿಯಲ್ಲ, ಬೇಯುತ್ತೆ.

ಉತ್ತರ 3: ನಾಲ್ಕೂ ಬದಲಿಸೋ ಹಟ ಯಾಕೆ? ಸ್ಟಾಕ್ (ಸೂಪ್, ಗ್ರೇವಿಗೆ ಹಾಕೋ ಬೇಯಿಸಿ ಸೋಸಿದ ರಸ) ಒಂದೇ ಇರಲಿ, ಸ್ಟಾರ್ಟರ್, ಗ್ರೇವಿ ಬದಲಿಸಿ. ಆದರೆ ಇವೆರಡೂ ಬಾಣಲೆ ಬೇಡುವಂಥದ್ದು ಒಂದೇ ವಾರ ಬೇಡ: ಗ್ರೇವಿ ಮಾಪೊ ತೋಫು (ಖಾರದ ಸಾಸಿನ ತೋಫು) ಇದ್ದರೆ ಸ್ಟಾರ್ಟರ್ ಹಬೆಯ ಡಂಪ್ಲಿಂಗ್.